ಅಗ್ಗದ ಇನ್ಹೇಲರ್ ನನಗೆ ದುಬಾರಿಯಾದದ್ದು

ರಾತ್ರಿ ಎರಡೂವರೆ. ಮಂಚದ ಅಂಚಿನಲ್ಲಿ ಕೂತು, ಎರಡೂ ಕೈ ಮಂಡಿಗೆ ಊರಿ, ಮುಂದಕ್ಕೆ ಬಾಗಿ ಉಸಿರಿಗಾಗಿ ಒದ್ದಾಡುತ್ತಿದ್ದೆ. ಎದೆಯೊಳಗೆ ಸುಯ್ ಸುಯ್ ಸದ್ದು. ನೀಲಿ ಇನ್ಹೇಲರ್ ಒತ್ತಿದೆ. ಪುಸ್ ಅಂತು. ಇನ್ನೊಂದು ಸಲ, ಮತ್ತೂ ಒಂದು ಸಲ. ಹತ್ತು ನಿಮಿಷವಾದರೂ ಎದೆ ಒಂದಿಷ್ಟೂ ಸಡಿಲವಾಗಲಿಲ್ಲ. ಅದರಲ್ಲಿ ಬರೀ ಗ್ಯಾಸ್ ಉಳಿದಿತ್ತು, ಔಷಧಿ ಎಂದೋ ಮುಗಿದಿತ್ತು ಅಂತ ಆಮೇಲೆ ಗೊತ್ತಾಯಿತು.

ಪಕ್ಕದ ಡ್ರಾಯರ್‌ನಲ್ಲಿ ಕಂದು ಬಣ್ಣದ ಇನ್ನೊಂದು ಇನ್ಹೇಲರ್ ಇತ್ತು. ಹೆಚ್ಚುಕಡಿಮೆ ತುಂಬಿಯೇ ಇತ್ತು. ದುಬಾರಿ ಅಂತ ನಾನೇ ಅದನ್ನು ಉಳಿಸಿಟ್ಟಿದ್ದೆ.

ಆ ರಾತ್ರಿ ಆಕ್ಸಿಜನ್, ನೆಬ್ಯುಲೈಸರ್, ಸ್ಟೀರಾಯ್ಡ್ ಎಲ್ಲ ಆಯಿತು. ಎರಡು ದಿನ ಆಸ್ಪತ್ರೆಯಲ್ಲಿ ಮಲಗಿದ್ದೆ. ಬಿಲ್ ಕೈಗೆ ಬಂದಾಗ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅಷ್ಟು ದುಡ್ಡಿಗೆ ಕಂದು ಇನ್ಹೇಲರ್ ಒಂದು ವರ್ಷಕ್ಕಾಗಿ ಇನ್ನೂ ಮಿಗುತ್ತಿತ್ತು.

ಅಲ್ಲಿಯವರೆಗೆ ನನ್ನ ಲೆಕ್ಕ ಬೇರೆ ಇತ್ತು. ನೀಲಿ ಅಗ್ಗ, ಒತ್ತಿದ ಐದು ನಿಮಿಷಕ್ಕೆ ಉಸಿರು ಸರಾಗ. ಕಂದು ದುಬಾರಿ, ತೆಗೆದುಕೊಂಡರೂ ಏನೂ ಆದ ಹಾಗೆ ಅನಿಸುವುದಿಲ್ಲ. ದುಡ್ಡು ಯಾವುದಕ್ಕೆ ಹಾಕಬೇಕು? ನೀಲಿಗೇ, ಅಲ್ವಾ? ಉಬ್ಬಸ ಇರುವ ಎಷ್ಟೋ ಜನ ಹೀಗೇ ಯೋಚಿಸುವುದನ್ನು ನೋಡಿದ್ದೇನೆ.

ಆದರೆ ಉಬ್ಬಸದಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತಿರುತ್ತವೆ. ಉಸಿರಿನ ಕೊಳವೆಗಳ ಒಳಪದರ ಊದಿಕೊಂಡು ಕಫ ಸುರಿಸುತ್ತದೆ. ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ. ನೀಲಿಯಲ್ಲಿರುವ ಸಾಲ್ಬುಟಮಾಲ್ ಆ ಸ್ನಾಯುವನ್ನು ನಾಲ್ಕರಿಂದ ಆರು ಗಂಟೆ ಸಡಿಲಿಸುತ್ತದೆ, ಅಷ್ಟೇ. ಊತ ಹಾಗೇ ಇರುತ್ತದೆ. ಅದನ್ನು ಇಳಿಸುವುದು ಕಂದು ಇನ್ಹೇಲರ್‌ನಲ್ಲಿರುವ ಸ್ಟೀರಾಯ್ಡ್: ಬೆಕ್ಲೊಮೆಥಸೋನ್, ಬ್ಯುಡೆಸೊನೈಡ್, ಫ್ಲುಟಿಕಸೋನ್ ಇಂಥವು. ಅದು ದಿನಗಟ್ಟಲೆ, ವಾರಗಟ್ಟಲೆ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಅದಕ್ಕೇ ಒತ್ತಿದ ಕೂಡಲೇ ಏನೂ ಗೊತ್ತಾಗುವುದಿಲ್ಲ. (ಬಣ್ಣ ನಂಬಬೇಡಿ. ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಡಬ್ಬಿಯ ಮೇಲಿನ ಹೆಸರು ಓದಿ.)

ಅಸ್ತಮಾ ಚಿಕಿತ್ಸೆಗೆ ಜಗತ್ತಿನಾದ್ಯಂತ ವೈದ್ಯರು ನೋಡುವ ಜಿನಾ ಮಾರ್ಗಸೂಚಿ 2019ರಿಂದ ಒಂದು ಮಾತು ಹೇಳುತ್ತಿದೆ: ದೊಡ್ಡವರಿಗೆ, ಹದಿಹರೆಯದವರಿಗೆ ಬರೀ ಸಾಲ್ಬುಟಮಾಲ್ ಕೊಟ್ಟು ಸುಮ್ಮನಾಗುವ ಹಾಗಿಲ್ಲ. 200 ಪಫ್‌ನ ಡಬ್ಬಿ ವರ್ಷಕ್ಕೆ ಮೂರು ಅಥವಾ ಅದಕ್ಕಿಂತ ಜಾಸ್ತಿ ಖಾಲಿಯಾದರೆ ಉಬ್ಬಸ ಕೆರಳುವ ಅಪಾಯ ಹೆಚ್ಚು. ಹನ್ನೆರಡು ದಾಟಿದರೆ ಜೀವಕ್ಕೇ ಅಪಾಯ ಹೆಚ್ಚು. ಮನೆಗೆ ಬಂದು ಹಳೆ ರಸೀದಿಗಳನ್ನು ಎಣಿಸಿದೆ. ಆ ವರ್ಷ ನಾನು ತಂದದ್ದು ಒಂಬತ್ತು.

ಒಂಬತ್ತು ನೀಲಿ, ಒಂದು ಕಂದು. ಇದು ನನ್ನ ಉಳಿತಾಯ!

ಅದಕ್ಕೂ ಮುಂಚೆ ಇನ್ನೊಂದು ಉಳಿತಾಯ ಮಾಡಿದ್ದೆ. ಇನ್ಹೇಲರ್ ಬೇಡ, ಮಾತ್ರೆ ಅಗ್ಗ ಅಂತ ಸಾಲ್ಬುಟಮಾಲ್ ಮಾತ್ರೆ ನುಂಗುತ್ತಿದ್ದೆ. ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಎದೆ ಡವಡವ. ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ ಔಷಧಿ ಇರುತ್ತದೆ, ನಾನು ನುಂಗುತ್ತಿದ್ದ ಮಾತ್ರೆಯಲ್ಲಿ 4 ಮಿಲಿಗ್ರಾಂ. ಅಂದರೆ ನಲವತ್ತು ಪಟ್ಟು. ಅಷ್ಟನ್ನೂ ಇಡೀ ಮೈಗೆ ಹಂಚಿ, ಬೇಕಾದ ಜಾಗಕ್ಕೆ ಚೂರು ಕಳಿಸುವ ದಾರಿ ಅದು. ಇನ್ಹೇಲರ್ ಅಭ್ಯಾಸವಾಗಿಬಿಡುತ್ತದೆ ಅಂತ ಹೆದರಿಸಿದವರೇ ನನಗೆ ಮಾತ್ರೆ ಒಳ್ಳೆಯದು ಅಂದಿದ್ದರು.

ಆಸ್ಪತ್ರೆಯಿಂದ ಹೊರಡುವ ದಿನ ಒಬ್ಬರು ಸಿಸ್ಟರ್ ನನ್ನನ್ನು ವಾಶ್ ಬೇಸಿನ್‌ನ ಕನ್ನಡಿ ಮುಂದೆ ನಿಲ್ಲಿಸಿದರು. "ದಿನಾ ಹೇಗೆ ತಗೋತೀರೋ ಹಾಗೇ ಒಂದ್ಸಲ ತಗೊಳ್ಳಿ" ಅಂದರು. ನಾನು ಇನ್ಹೇಲರ್ ಬಾಯಿಗಿಟ್ಟು, ಒತ್ತಿ, ಗಬಕ್ಕನೆ ಉಸಿರೆಳೆದೆ. ಕನ್ನಡಿಯಲ್ಲಿ ನೋಡಿದರೆ ತುಟಿಯ ಅಂಚಿನಿಂದ ಬೆಳ್ಳಗೆ ಹೊಗೆ ಸುರುಳಿ ಬಿಟ್ಟುಕೊಂಡು ಮೇಲೇರುತ್ತಿತ್ತು.

"ನೋಡಿದ್ರಾ? ಅದೇ ನೀವು ದುಡ್ಡು ಕೊಟ್ಟು ತಂದ ಔಷಧಿ" ಅಂದರು.

ಅಷ್ಟು ವರ್ಷ ಯಾರೂ ನನಗೆ ತೋರಿಸಿಕೊಟ್ಟಿರಲಿಲ್ಲ. ಚೀಟಿ ಬರೆದವರೂ ಇಲ್ಲ, ಡಬ್ಬಿ ಮಾರಿದವರೂ ಇಲ್ಲ. ಆ ಹತ್ತು ನಿಮಿಷದಲ್ಲಿ ಕಲಿತದ್ದು ಇಷ್ಟು. ಡಬ್ಬಿಯನ್ನು ಚೆನ್ನಾಗಿ ಕುಲುಕಬೇಕು. ಮೊದಲು ಉಸಿರನ್ನು ಪೂರ್ತಿ ಹೊರಗೆ ಬಿಡಬೇಕು, ಇದನ್ನು ನಾನು ಮಾಡುತ್ತಲೇ ಇರಲಿಲ್ಲ. ತುಟಿಯನ್ನು ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಎಳೆಯಲು ಶುರು ಮಾಡಿ, ಆಗ ಒತ್ತಬೇಕು. ಒತ್ತಿದ ಮೇಲೂ ಎಳೆಯುತ್ತಲೇ ಇರಬೇಕು, ಮೂರರಿಂದ ಐದು ಸೆಕೆಂಡ್. ಆಮೇಲೆ ಹತ್ತು ಎಣಿಸುವ ತನಕ ಉಸಿರು ಕಟ್ಟಬೇಕು. ಎರಡನೇ ಪಫ್‌ಗೆ ಅರ್ಧ ನಿಮಿಷವಾದರೂ ಕಾದು, ಮತ್ತೆ ಕುಲುಕಬೇಕು. ಗಬಕ್ಕನೆ ಎಳೆದರೆ ಔಷಧಿ ಗಂಟಲಿನ ಹಿಂಗೋಡೆಗೆ ಬಡಿದು ಅಲ್ಲೇ ಅಂಟುತ್ತದೆ. ಪುಡಿಯ ಇನ್ಹೇಲರ್ ಇದಕ್ಕೆ ತದ್ವಿರುದ್ಧ: ಅದನ್ನು ಜೋರಾಗಿ, ಆಳವಾಗಿಯೇ ಎಳೆಯಬೇಕು. ಒಂದರಿಂದ ಇನ್ನೊಂದಕ್ಕೆ ಬದಲಾದವರು ಇಲ್ಲೇ ಎಡವುವುದು. ಇನ್ನು, ಸ್ಟೀರಾಯ್ಡ್ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳದಿದ್ದರೆ ನಾಲಿಗೆ ಮೇಲೆ ಬೆಳ್ಳಗೆ ಬೂಷ್ಟು ಬರಬಹುದು. ನನಗೆ ಬಂದಿತ್ತು.

ಉಸಿರು, ಬೆರಳು ಎರಡಕ್ಕೂ ತಾಳ ಕೂಡಿಸುವುದು ನನ್ನ ಕೈಲಿ ಆಗಲೇ ಇಲ್ಲ. ಅದಕ್ಕೆ ಸ್ಪೇಸರ್ ಬೇಕು ಅಂದರು. ಇನ್ಹೇಲರ್ ಮತ್ತು ಬಾಯಿಯ ನಡುವೆ ಇಡುವ ಪ್ಲಾಸ್ಟಿಕ್ ಕೊಳವೆ ಅದು. ಔಷಧಿ ಅದರೊಳಗೆ ತೇಲುತ್ತಿರುತ್ತದೆ, ನಿಧಾನವಾಗಿ ಎಳೆದುಕೊಂಡರಾಯಿತು. ಆದರೆ ಬಿಲ್ ಕಟ್ಟಿದ ಆ ತಿಂಗಳಲ್ಲಿ ಸ್ಪೇಸರ್ ಕೊಳ್ಳುವ ಹಾಗಿರಲಿಲ್ಲ. ಸಿಸ್ಟರ್‌ಗೆ ಹಾಗೇ ಹೇಳಿದೆ. ಅರ್ಧ ಲೀಟರ್‌ನ ಪ್ಲಾಸ್ಟಿಕ್ ಬಾಟಲಿ ಸಾಕು ಅಂದರು. ತಮಾಷೆ ಅಂದುಕೊಂಡೆ. ಆಮೇಲೆ ಓದಿದರೆ, ದಕ್ಷಿಣ ಆಫ್ರಿಕಾದ ವೈದ್ಯರು ಉಬ್ಬಸ ಕೆರಳಿದ ಮಕ್ಕಳಲ್ಲಿ ಇದನ್ನೇ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ್ದರು. 500 ಮಿಲಿಲೀಟರ್ ಬಾಟಲಿ, ಅಂಗಡಿಯ ಸ್ಪೇಸರ್‌ನಷ್ಟೇ ಚೆನ್ನಾಗಿ ಕೆಲಸ ಮಾಡಿತ್ತು. ಒಂದೇ ಷರತ್ತು: ಇನ್ಹೇಲರ್ ತೂರಿಸುವ ತೂತಿನ ಸುತ್ತ ಸಂದು ಇರಬಾರದು. ಸಂದು ಮುಚ್ಚದ ಬಾಟಲಿಯ ಫಲ ಕಡಿಮೆ, ಕಪ್ ಬಳಸಿದರೆ ಇನ್ನೂ ಕಡಿಮೆ.

ನಾನು ಬಾಟಲಿಯ ತಳದಲ್ಲಿ ಇನ್ಹೇಲರ್ ಬಾಯಿಯ ಆಕಾರವನ್ನು ಪೆನ್ನಿನಲ್ಲಿ ಗುರುತು ಹಾಕಿ, ಗೆರೆಗಿಂತ ಕೂದಲೆಳೆಯಷ್ಟು ಒಳಗೇ ಕತ್ತರಿಸಿದೆ. ಒತ್ತಿ ತೂರಿಸಿದರೆ ಬಿಗಿಯಾಗಿ ಕೂತಿತು. ಸುತ್ತ ಅಂಟು ಹಚ್ಚಿ, ಒಂದು ದಿನ ಬಿಟ್ಟು, ಒಳಗೆ ಪ್ಲಾಸ್ಟಿಕ್ ಚೂರು ಉಳಿದಿಲ್ಲ ಅಂತ ಬೆಳಕಿಗೆ ಹಿಡಿದು ನೋಡಿದೆ. ಸೋಪು ನೀರಲ್ಲಿ ತೊಳೆದು ಒರೆಸದೆ ತಾನಾಗಿ ಒಣಗಲು ಬಿಟ್ಟೆ. ಒರೆಸಿದರೆ ಪ್ಲಾಸ್ಟಿಕ್ ಗೋಡೆಯಲ್ಲಿ ವಿದ್ಯುತ್ ಹುಟ್ಟಿ ಔಷಧಿಯನ್ನು ತನ್ನ ಕಡೆ ಸೆಳೆದುಕೊಳ್ಳುತ್ತದೆ. ಆ ಬಾಟಲಿ ಐದು ತಿಂಗಳು ಬಂತು. ಜನರ ಮುಂದೆ ತೆಗೆಯಲು ನಾಚಿಕೆಯಾಗುತ್ತಿತ್ತು, ಅಷ್ಟೇ.

ಈಗ ದುಡ್ಡಿನ ವಿಷಯ. ಮೊದಲು ಬದಲಾಯಿಸಿದ್ದು ಲೆಕ್ಕ ಹಾಕುವ ಕ್ರಮವನ್ನು. ಡಬ್ಬಿಯ ಬೆಲೆ ನೋಡುವುದು ಬಿಟ್ಟೆ. ಬೆಲೆಯನ್ನು ಪಫ್‌ಗಳಿಂದ ಭಾಗಿಸಿ, ದಿನಕ್ಕೆ ಬೇಕಾದ ಪಫ್‌ಗಳಿಂದ ಗುಣಿಸಿದೆ. ದುಬಾರಿ ಅಂದುಕೊಂಡ ಡಬ್ಬಿಯಲ್ಲಿ ಜಾಸ್ತಿ ಪಫ್ ಇದ್ದು, ದಿನದ ಖರ್ಚು ಕಡಿಮೆ ಬಂದದ್ದೂ ಉಂಟು.

ಎರಡನೆಯದು, ನನಗೆ ತುಂಬಾ ಕಷ್ಟವಾದದ್ದು, ಡಾಕ್ಟರ ಮುಂದೆ ಬಾಯಿ ಬಿಟ್ಟು ಹೇಳಿದ್ದು: "ಇದು ತಿಂಗಳು ತಿಂಗಳು ನನಗೆ ಕೊಳ್ಳೋಕೆ ಆಗಲ್ಲ ಡಾಕ್ಟ್ರೇ." ಹಿಂದೆಲ್ಲ "ತಗೋತಿದೀರಾ?" ಅಂದರೆ ಹೂಂ ಅಂತಿದ್ದೆ. ಅವರು ಔಷಧಿ ಸಾಲುತ್ತಿಲ್ಲ ಅಂತ ಇನ್ನೂ ದುಬಾರಿಯದು ಬರೆಯುತ್ತಿದ್ದರು. ನಿಜ ಹೇಳಿದ ದಿನ ಅವರು ಬ್ರ್ಯಾಂಡ್ ಹೊಡೆದುಹಾಕಿ ಜನರಿಕ್ ಹೆಸರು, ಅಂದರೆ ಔಷಧಿಯ ಮೂಲ ಹೆಸರು, ಬರೆದರು. ಅದೇ ಔಷಧಿ, ಅದೇ ಪ್ರಮಾಣ. ಪುಡಿಯ ಕ್ಯಾಪ್ಸೂಲ್‌ನ ಇನ್ಹೇಲರ್‌ಗಳಲ್ಲಿ ಉಪಕರಣ ಒಮ್ಮೆ ಕೊಂಡರೆ ಆಮೇಲೆ ಬರೀ ಕ್ಯಾಪ್ಸೂಲ್ ತಂದರೆ ಸಾಕಾಗುವಂಥವೂ ಇವೆ ಅಂದರು. ಸಾಲ್ಬುಟಮಾಲ್, ಬ್ಯುಡೆಸೊನೈಡ್ ಎರಡೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಹಾಗಾಗಿ ಸರ್ಕಾರಿ ಔಷಧಾಲಯದಲ್ಲಿ ಒಮ್ಮೆ ಕೇಳಿ ನೋಡುವುದರಲ್ಲಿ ನಷ್ಟವಿಲ್ಲ.

ಸಾಲ್ಬುಟಮಾಲ್ ಮಾರುಕಟ್ಟೆಗೆ ಬಂದದ್ದು 1969ರಲ್ಲಿ. ಇಷ್ಟು ಹಳೆಯ ಔಷಧಿ ಯಾಕೆ ದುಬಾರಿಯಾಗಬೇಕು? ಅಮೆರಿಕದಲ್ಲಿ ಆದದ್ದು ನೋಡಿ. ಓಝೋನ್ ಪದರಕ್ಕೆ ಹಾನಿ ಅಂತ ಹಳೆಯ ಸಿಎಫ್‌ಸಿ ಗ್ಯಾಸ್‌ನ ಇನ್ಹೇಲರ್‌ಗಳು 2008ರ ಕೊನೆಗೆ ನಿಂತವು. ಅವುಗಳ ಜೊತೆ ಅಗ್ಗದ ಜನರಿಕ್‌ಗಳೂ ಹೋದವು. ಹೊಸ ಗ್ಯಾಸ್‌ನ ಇನ್ಹೇಲರ್‌ಗಳಿಗೆ ಹೊಸ ಪೇಟೆಂಟ್. ಔಷಧಿ ಅದೇ, ಪೇಟೆಂಟ್ ಡಬ್ಬಿಗೆ. ನಾವು ಎಷ್ಟೋ ಸಲ ದುಡ್ಡು ಕೊಡುವುದು ಡಬ್ಬಿಗೇ.

ಒಂದು ವರ್ಷದ ನಂತರ ಡಾಕ್ಟರು ಎರಡು ಇನ್ಹೇಲರ್ ತೆಗೆದು ಒಂದೇ ಕೊಟ್ಟರು: ಬ್ಯುಡೆಸೊನೈಡ್ ಜೊತೆ ಫಾರ್ಮೊಟೆರಾಲ್. ಫಾರ್ಮೊಟೆರಾಲ್ ನಿಮಿಷಗಳಲ್ಲೇ ಉಸಿರು ಬಿಡಿಸುತ್ತದೆ, ಹನ್ನೆರಡು ಗಂಟೆಯಷ್ಟು ನಿಲ್ಲುತ್ತದೆ. ಬೆಳಿಗ್ಗೆ ಸಂಜೆಯೂ ಅದೇ, ಉಬ್ಬಸ ಬಂದಾಗಲೂ ಅದೇ. ಉಸಿರಿಗಾಗಿ ಒತ್ತಿದಾಗಲೆಲ್ಲ ಊತದ ಔಷಧಿಯೂ ಜೊತೆಗೆ ಹೋಗುತ್ತದೆ. ನನ್ನಂಥ ಕಳ್ಳನಿಗೆ ಹೇಳಿ ಮಾಡಿಸಿದ ಹಾಗಿದೆ! ಆದರೆ ಎಲ್ಲ ಜೋಡಿ ಇನ್ಹೇಲರ್‌ಗಳನ್ನೂ ಹೀಗೆ ಬಳಸುವಂತಿಲ್ಲ. ಸಾಲ್ಮೆಟೆರಾಲ್ ಇರುವುದು ನಿಧಾನದ್ದು, ಕೆರಳಿದಾಗ ಕೈ ಹಿಡಿಯುವುದಿಲ್ಲ. ಕೇಳಿಯೇ ಬಳಸಬೇಕು.

ಪೀಕ್ ಫ್ಲೋ ಮೀಟರ್ ಒಂದು ತಂದೆ. ಉಸಿರು ಎಷ್ಟು ಜೋರಾಗಿ ಹೊರಗೆ ಬರುತ್ತದೆ ಅಂತ ಅಳೆಯುವ ಉಪಕರಣ ಅದು. ನಿಂತುಕೊಂಡು, ಪೂರ್ತಿ ಉಸಿರೆಳೆದು, ಜೋರಾಗಿ ಊದಬೇಕು. ಮೂರು ಸಲ ಊದಿ ಜಾಸ್ತಿ ಬಂದದ್ದನ್ನು ಬರೆಯಬೇಕು. ಚೆನ್ನಾಗಿದ್ದಾಗ ನನ್ನದು 420. ಅದರ ಶೇಕಡಾ 80 ಅಂದರೆ 336. ಅದಕ್ಕಿಂತ ಇಳಿದರೆ ಎಚ್ಚರ. ಅರ್ಧ, ಅಂದರೆ 210ಕ್ಕೆ ಇಳಿದರೆ ಆಸ್ಪತ್ರೆ. ಎಷ್ಟೋ ಸಲ ನನಗೆ ಉಸಿರಿನ ತೊಂದರೆ ಗೊತ್ತಾಗುವ ಎರಡು ದಿನ ಮೊದಲೇ ನೋಟ್‌ಬುಕ್ಕಿಗೆ ಗೊತ್ತಾಗಿರುತ್ತದೆ. ಮಾತು ಅರ್ಧಕ್ಕೇ ನಿಂತು ಉಸಿರೆಳೆಯುವಂತಾದರೆ, ಔಷಧಿ ಒತ್ತಿದರೂ ಇಳಿಯದಿದ್ದರೆ ನಾನು ಅಂಕಿಯನ್ನೂ ನೋಡುವುದಿಲ್ಲ, ದುಡ್ಡನ್ನೂ ನೋಡುವುದಿಲ್ಲ. ಹೊರಡುತ್ತೇನೆ, ಅಷ್ಟೇ.

ಧೂಳು, ಹೊಗೆ, ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ಹುಳದ ವಿಷಯ ಎಲ್ಲರಿಗೂ ಗೊತ್ತು. ಹಾಸಿಗೆ ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯುತ್ತೇನೆ, ಅಗರಬತ್ತಿಯಿಂದ ದೂರ.

ಮೂರು ತಿಂಗಳು ಅಂಕಿಗಳು ಸ್ಥಿರವಾಗಿದ್ದ ಮೇಲೆ ನೋಟ್‌ಬುಕ್ ತೋರಿಸಿದೆ. ಬೆಳಿಗ್ಗೆ ಎರಡು ಸಂಜೆ ಎರಡು ಪಫ್ ಇದ್ದದ್ದನ್ನು ಡಾಕ್ಟರು ಒಂದೊಂದಕ್ಕೆ ಇಳಿಸಿದರು. 120 ಪಫ್‌ನ ಡಬ್ಬಿ ಮೂವತ್ತು ದಿನದ ಬದಲು ಅರವತ್ತು ದಿನ ಬರುತ್ತದೆ. ಹಿಂದೆ ನಾನೇ ಕಡಿಮೆ ಮಾಡಿಕೊಂಡಾಗ ಆಸ್ಪತ್ರೆ ಸೇರಿದ್ದೆ. ಈಗ ಅದೇ ಅರ್ಧ ಖರ್ಚು, ರಾತ್ರಿಯೆಲ್ಲ ನಿದ್ದೆ.

ಹೊಸ ಡಬ್ಬಿ ಬಿಚ್ಚಿದ ದಿನ ಮಾರ್ಕರ್‌ನಲ್ಲಿ ಅದರ ಮೇಲೆ ತಾರೀಖು ಬರೆಯುತ್ತೇನೆ. ಡಬ್ಬಿಯನ್ನು ನೀರಲ್ಲಿ ತೇಲಿಸಿ ಎಷ್ಟು ಉಳಿದಿದೆ ನೋಡುವುದೆಲ್ಲ ಸುಮ್ನೆ, ಅದನ್ನು ನಂಬಿ ಕೆಟ್ಟಿದ್ದೇನೆ. ಕೌಂಟರ್ ಇದ್ದರೆ ಕೌಂಟರ್, ಇಲ್ಲದಿದ್ದರೆ ತಾರೀಖಿನ ಲೆಕ್ಕ. ಹೋದ ಸಲದ ಡಬ್ಬಿ 57 ದಿನ ಬಂತು. ಅಂದರೆ ಎರಡು ತಿಂಗಳಲ್ಲಿ ಹೆಚ್ಚಿಗೆ ಒತ್ತಿದ್ದು ಆರು ಸಲ. ಅದರಲ್ಲಿ ನಾಲ್ಕು, ಅಟ್ಟದಿಂದ ಹಳೆ ಪುಸ್ತಕದ ಪೆಟ್ಟಿಗೆ ಇಳಿಸಿ ಧೂಳು ಕೊಡವಿದ ಒಂದೇ ದಿನದ್ದು.