ಮೈದನಹಳ್ಳಿಗೆ ಕೃಷ್ಣಮೃಗ ನೋಡೋಕೆ ಹೋಗೋರಿಗೆ
ಭಾನುವಾರ ತುಮಕೂರು ಹತ್ತಿರದ ದೇವರಾಯನದುರ್ಗ ಬೆಟ್ಟದಲ್ಲಿ ಜನವೋ ಜನ. ಅದರ ಬದಲು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಕಡೆ ಹೋಗಿ, ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇರೋದು ಅಲ್ಲೇ. ಬರೀ ಹುಲ್ಲುಗಾವಲು, ನೆರಳು ಹುಡುಕಬೇಡಿ. ನೀರು, ಟೋಪಿ, ಬುತ್ತಿ ಮನೆಯಿಂದಲೇ ಆಗಬೇಕು. ಬೆಳಗ್ಗೆ 7ರೊಳಗೆ ತಲುಪಿದರೆ ಒಳ್ಳೇದು, ಬಿಸಿಲೇರಿದ ಮೇಲೆ ಮಲಗಿಬಿಡ್ತವೆ. ಕಪ್ಪು ಮೈ, ತಿರುಚಿದ ಕೊಂಬು ಇದ್ದರೆ ಗಂಡು. ಹೆಣ್ಣಿನದು ಒಣಹುಲ್ಲಿನ ಬಣ್ಣ, ಅಲ್ಲಾಡದೆ ನಿಂತರೆ ಕಾಣೋದೇ ಕಷ್ಟ. ಒಂದೇ ಕಡೆ ಹಿಕ್ಕೆ ರಾಶಿ ಕಂಡರೆ ಅದು ಗಂಡು ತನ್ನ ಜಾಗಕ್ಕೆ ಹಾಕಿಕೊಂಡ ಗುರುತು. ದೂರದಲ್ಲಿ ಗಾಡಿ ನಿಲ್ಲಿಸಿ ಒಳಗೇ ಕೂತು ಕಾಯಿರಿ, ಇಳಿದರೆ ಓಡ್ತವೆ. ಹುಲ್ಲಿನ ಮೇಲೆ ಜೀಪು ಓಡಿಸಿ ಅಟ್ಟಾಡಿಸೋ ರೀಲ್ಸ್ ವೀರರು ದಯವಿಟ್ಟು ಮನೇಲೇ ಇರಿ. ಹೊರಡೋ ಮುಂಚೆ ಪ್ರವೇಶದ ಬಗ್ಗೆ ಅರಣ್ಯ ಇಲಾಖೆಯವರನ್ನ ಒಂದು ಮಾತು ಕೇಳಿಕೊಳ್ಳಿ.