ಕಿಟಕಿಯಿಂದ ತೆಗೆದ ನವಿಲಿನ ಫೋಟೊ ಕಪ್ಪಾಗುತ್ತಿದ್ದುದಕ್ಕೆ ಸಿಕ್ಕ ಪರಿಹಾರ

ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯದ ಕಡೆಗಿರುವ ನಮ್ಮ ಬಡಾವಣೆಯ ಹಿತ್ತಲಿಗೆ ಬೆಳಗಿನ ಹೊತ್ತು ನವಿಲುಗಳು ಬರುತ್ತವೆ. ಬಾಗಿಲಿನ ಚಿಲಕ ಸದ್ದಾದರೂ ಕಂಪೌಂಡ್ ಹಾರಿ ಹೋಗುವುದರಿಂದ ಅಡುಗೆಮನೆಯ ಕಿಟಕಿಯ ಗಾಜಿನ ಹಿಂದಿನಿಂದಲೇ ಫೋಟೊ ತೆಗೆಯಬೇಕು. ಆದರೆ ಚಿತ್ರದಲ್ಲಿ ಒಳಗಿನ ಪಾತ್ರೆಗಳ ಪ್ರತಿಬಿಂಬ ಮೂಡುತ್ತಿತ್ತು, ಸುಣ್ಣ ಬಳಿದ ಗೋಡೆಯ ಮುಂದೆ ನಿಂತ ಹಕ್ಕಿಯ ಕುತ್ತಿಗೆ ಕಪ್ಪಾಗಿ ಬರುತ್ತಿತ್ತು.

ಪ್ರತಿಬಿಂಬದ ಕಾಟ ಸುಲಭವಾಗಿ ನೀಗಿತು: ದೀಪ ಆರಿಸಿ, ಲೆನ್ಸಿನ ರಬ್ಬರ್ ಹುಡ್ ಅನ್ನು ಗಾಜಿಗೆ ಆನಿಸಿ, ಸುತ್ತ ಕಪ್ಪು ಬಟ್ಟೆ ಹೊದಿಸಿದೆ.

ಬಣ್ಣದ ಕಾರಣ ಬೇರೆಯಾಗಿತ್ತು. ನವಿಲಿನ ಕುತ್ತಿಗೆಯ ನೀಲಿ ಯಾವುದೇ ನೀಲಿ ಬಣ್ಣದ್ರವ್ಯದಿಂದ ಬಂದದ್ದಲ್ಲ. ಗರಿಯ ಎಳೆಗಳೊಳಗೆ ಸಾಲಾಗಿ ಜೋಡಣೆಗೊಂಡ ಮೆಲನಿನ್ ಎಂಬ ಕಪ್ಪು ವಸ್ತುವಿನ ಅತಿಸೂಕ್ಷ್ಮ ಕಡ್ಡಿಗಳು ಬೆಳಕನ್ನು ಪ್ರತಿಫಲಿಸುವ ಬಗೆಯಿಂದ ಹುಟ್ಟುವಂಥದ್ದು, ಆದ್ದರಿಂದ ಸೂರ್ಯ ಹಕ್ಕಿಯ ಬೆನ್ನಿಗಿದ್ದರೆ ಆ ಹೊಳಪು ಕ್ಯಾಮೆರಾದತ್ತ ಬರುವುದೇ ಇಲ್ಲ. ನಮ್ಮ ಅಡುಗೆಮನೆಯ ಕಿಟಕಿ ಪೂರ್ವಕ್ಕಿರುವುದರಿಂದ ಆಗುತ್ತಿದ್ದುದು ಅದೇ. ಹೀಗಾಗಿ, ಬೆಳಕು ಓರೆಯಾಗಿ ಬೀಳುವ ಉತ್ತರದ ಕೋಣೆಯ ಕಿಟಕಿಗೆ ಕ್ಯಾಮೆರಾ ಸಾಗಿಸಿದೆ. ಬಿಳಿ ಗೋಡೆಯನ್ನು ಕಂಡು ಕ್ಯಾಮೆರಾದ ಬೆಳಕಿನ ಮೀಟರು ಇಡೀ ಚಿತ್ರವನ್ನು ಕಪ್ಪಾಗಿಸುವುದನ್ನು ತಡೆಯಲು, ಚಿತ್ರದ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು +1ಕ್ಕೆ ಏರಿಸಿದೆ. ಮೇಯುವಾಗ ತಲೆಯನ್ನು ಸರಕ್ಕನೆ ಎತ್ತಿ ಇಳಿಸುವ ಹಕ್ಕಿಗೆ ಶಟರ್ 1/1000 ಸೆಕೆಂಡ್ ಸಾಕಾಯಿತು. ಈಗ ಕುತ್ತಿಗೆಯ ಒಂದೊಂದು ಗರಿಯ ಅಂಚೂ ಬಿಡಿಯಾಗಿ ಕಾಣುತ್ತದೆ.

ಕಾಳು ಚೆಲ್ಲಿ ಹತ್ತಿರ ಕರೆಯುವುದು ನನಗಂತೂ ಒಪ್ಪಿಗೆಯಿಲ್ಲ. ಮಳೆಗಾಲ ಮುಗಿಯುತ್ತ ಬಂದಂತೆ ಗಂಡು ನವಿಲು ಉದ್ದ ಗರಿಗಳನ್ನು ಉದುರಿಸುವುದರಿಂದ, ಪೂರ್ಣ ಗರಿಯ ಚಿತ್ರ ಬೇಕಾದವರು ಜೂನ್‌-ಜುಲೈನಲ್ಲೇ ತೆಗೆದುಕೊಳ್ಳಬೇಕು.