ಎದುರಾಳಿ ಅಪರೂಪದ ಓಪನಿಂಗ್ ಆಡಿದರೆ ಬಿಳಿ ಏನು ಮಾಡಬೇಕು?

ಕುಂಬಳೆ, ಮಂಜೇಶ್ವರ ಉಪಜಿಲ್ಲೆಗಳ ಶಾಲಾ ಚೆಸ್ ಪಂದ್ಯಗಳಲ್ಲಿ ಬಿಳಿ ಕಾಯಿ ಸಿಕ್ಕಿದ ಮಕ್ಕಳು ಹೆಚ್ಚಾಗಿ ಆಡುವ ಮೊದಲ ನಡೆ ಇ4, ಅಂದರೆ ರಾಜನ ಮುಂದಿನ ಪಾನ್ ಎರಡು ಮನೆ ಮುಂದಕ್ಕೆ (ಅಕ್ಷರ ಮನೆಯ ಉದ್ದಸಾಲು, ಅಂಕೆ ಅಡ್ಡಸಾಲು; ಕಾಯಿಯ ಹೆಸರು ಹೇಳದಿದ್ದರೆ ಅದು ಪಾನಿನ ನಡೆ). ಕಪ್ಪು ಇ5 ಆಡಿದರೆ ಇಟಾಲಿಯನ್, ಸಿ5 ಆಡಿದರೆ ಸಿಸಿಲಿಯನ್ ಎಂಬ ಓಪನಿಂಗ್, ಅಂದರೆ ಆಟ ಶುರುಮಾಡುವ ನಡೆಗಳ ಕ್ರಮ. ಇಷ್ಟನ್ನು ಮಾಷ್ಟ್ರು ಹೇಳಿಕೊಟ್ಟಿರುತ್ತಾರೆ, ಮಕ್ಕಳೂ ಕಲಿತಿರುತ್ತಾರೆ. ಎದುರಿನವರು ಎ6, ಬಿ6, ಅಥವಾ ಮೊದಲ ನಡೆಗೇ ಕುದುರೆಯನ್ನು ಸಿ6ಕ್ಕೆ ತಂದಿಟ್ಟಾಗ ಪಾಠ ಮುಗಿದುಹೋಗುತ್ತದೆ. ಕೆಲವರು ‘ಇಂಥ ನಡೆ ಆಡಿದ್ದಾನಲ್ಲ, ಈಗಲೇ ಬುದ್ಧಿ ಕಲಿಸುತ್ತೇನೆ’ ಎಂದು ರಾಣಿಯನ್ನು ಹೊರಗೆ ಹಾರಿಸುತ್ತಾರೆ. ಇನ್ನು ಕೆಲವರು ಗಡಿಯಾರ ಓಡುತ್ತಿದ್ದರೂ ಬೋರ್ಡನ್ನೇ ನೋಡುತ್ತಾ ಕೂತುಬಿಡುತ್ತಾರೆ. ರ‍್ಯಾಪಿಡ್ ಪಂದ್ಯದಲ್ಲಿ, ಅಂದರೆ ಸಮಯ ಕಡಿಮೆ ಇರುವ ಆಟದಲ್ಲಿ, ಎರಡನೆಯ ನಡೆಗೇ ನಾಲ್ಕು ನಿಮಿಷ ಹೋದರೆ ಕೊನೆಯಲ್ಲಿ ಆ ನಾಲ್ಕು ನಿಮಿಷ ಸಿಗುವುದಿಲ್ಲ.

ನನ್ನ ಸಲಹೆ ಇದು. ಆ ನಡೆಯನ್ನು ಶಿಕ್ಷಿಸುವ ದಾರಿ ಹುಡುಕಬೇಡಿ, ನಿಮಗೆ ಗೊತ್ತಿರುವ ಆಟಕ್ಕೆ ಎಳೆದು ತರುವ ದಾರಿ ಹುಡುಕಿ. ತಾಳಮದ್ದಳೆ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಎದುರಿನ ಅರ್ಥಧಾರಿ ಪ್ರಸಂಗದಲ್ಲಿ ಇಲ್ಲದ ಪ್ರಶ್ನೆ ಎತ್ತಿದಾಗ ಪಳಗಿದವರು ಅದರ ಬೆನ್ನು ಹತ್ತುವುದಿಲ್ಲ. ಒಂದೇ ಮಾತಿನಲ್ಲಿ ಉತ್ತರಿಸಿ, ತಾವು ಓದಿಕೊಂಡ ಪ್ರಸಂಗಕ್ಕೆ ಮಾತನ್ನು ತಿರುಗಿಸುತ್ತಾರೆ.

ಮೊದಲು ನೋಡಬೇಕಾದದ್ದು

ಅಪರೂಪದ ನಡೆ ಕಂಡ ಕೂಡಲೇ ಕೈಯನ್ನು ಮಡಿಲಲ್ಲಿ ಇಟ್ಟುಕೊಳ್ಳಿ. ಮುಟ್ಟಿದ ಕಾಯನ್ನೇ ಆಡಬೇಕು ಎಂಬ ನಿಯಮ ಇರುವುದರಿಂದ ಇದು ಬರೀ ಶಿಸ್ತಿನ ಮಾತಲ್ಲ. ಕಪ್ಪಿನ ಆ ನಡೆಯಿಂದ ಈಗ ಚೆಕ್ ಇದೆಯೇ? ಯಾವುದಾದರೂ ಕಾಯನ್ನು ಹೊಡೆಯುವ ಬೆದರಿಕೆ ಇದೆಯೇ? ಇಲ್ಲ ಎಂದಾದರೆ ಅದು ಬೋರ್ಡಿನ ನಡುವಿನ ನಾಲ್ಕು ಮನೆಗಳಿಗೆ, ಅಂದರೆ ಇ4, ಡಿ4, ಇ5, ಡಿ5ಕ್ಕೆ, ಏನು ಮಾಡಿದೆ? ಎ6 ಏನೂ ಮಾಡಿಲ್ಲ. ಹಾಗಾಗಿ ಡಿ4 ಆಡಿ ನಡುವನ್ನು ಹಿಡಿಯುವುದಕ್ಕೆ ಹೆಚ್ಚು ಯೋಚಿಸಬೇಕಾಗಿಲ್ಲ. ಕುದುರೆ ಸಿ6 ಹಾಗಲ್ಲ, ಅದು ಡಿ4 ಮತ್ತು ಇ5 ಎರಡರ ಮೇಲೂ ಕಣ್ಣಿಟ್ಟಿದೆ. ಅಲ್ಲಿ ಆಯ್ಕೆ ಬೇಕಾಗುತ್ತದೆ.

ಕುದುರೆ ಸಿ6: ಎರಡು ದಾರಿ

ರಿಗಾದಲ್ಲಿ ಹುಟ್ಟಿದ ಆಟಗಾರ ಆರನ್ ನಿಮ್ಜೊವಿಚ್ (1886-1935) ಹೆಸರಿನ ಈ ರಕ್ಷಣೆ ಎದುರಾದರೆ ಬಿಳಿಗೆ ಮುಖ್ಯವಾಗಿ ಎರಡು ಉತ್ತರಗಳಿವೆ: ಡಿ4, ಇಲ್ಲವೇ ಕುದುರೆ ಎಫ್3. ಹೆಚ್ಚಿನ ಪುಸ್ತಕಗಳು ಡಿ4 ಎನ್ನುತ್ತವೆ. ಆದರೆ ಶಾಲಾ ಮಕ್ಕಳಿಗೆ ನಾನು ಮೊದಲು ಹೇಳುವುದು ಕುದುರೆ ಎಫ್3. ಯಾಕೆಂದರೆ ಕಪ್ಪು ಇ5 ಆಡಿದ ಕೂಡಲೇ ಆಟ ನಮ್ಮ ಹಳೆಯ ಇಟಾಲಿಯನ್ ಅಥವಾ ಸ್ಪ್ಯಾನಿಷ್ ಆಗಿಬಿಡುತ್ತದೆ, ಎದುರಾಳಿಯ ವಿಶೇಷ ತಯಾರಿ ಅಲ್ಲಿಗೆ ಮುಗಿಯಿತು.

ಕಪ್ಪು ಅದಕ್ಕೆ ಒಪ್ಪದೆ ಡಿ5 ಆಡಿದರೆ ಪಾನಿನಿಂದ ಹೊಡೆಯಿರಿ. ರಾಣಿ ಡಿ5ಕ್ಕೆ ಬಂದು ಹೊಡೆದಾಗ ಕುದುರೆಯನ್ನು ಸಿ3ಕ್ಕೆ ತನ್ನಿ. ರಾಣಿ ಮತ್ತೆ ಓಡಬೇಕು, ನಿಮಗೆ ಒಂದು ನಡೆ ಲಾಭ. ಕಪ್ಪು ಡಿ6 ಆಡಿದರೆ ಸ್ವಲ್ಪ ಜಾಗ್ರತೆ ಬೇಕು. ನೀವು ಡಿ4, ಅವರು ಕುದುರೆ ಎಫ್6, ನೀವು ಕುದುರೆ ಸಿ3, ಅವರು ಬಿಷಪ್ ಜಿ4. ಈಗ ನಿಮ್ಮ ಎಫ್3 ಕುದುರೆ ಪಿನ್ ಆಗಿದೆ (ಅದು ಕದಲಿದರೆ ಹಿಂದಿನ ರಾಣಿ ಹೋಗುತ್ತದೆ), ಡಿ4 ಪಾನಿನ ಮೇಲೆ ಒತ್ತಡ ಬಂದಿದೆ. ಬಿಷಪ್ಪನ್ನು ಇ3ರಲ್ಲಿ ಇಡಿ. ಅವರು ಎಫ್3 ಕುದುರೆಯನ್ನು ಹೊಡೆದರೆ ನೀವು ರಾಣಿಯಿಂದ ಹೊಡೆಯಬಹುದು. ಆಮೇಲೆ ಅವರ ಕುದುರೆ ಡಿ4 ಪಾನಿಗೆ ಬಾಯಿ ಹಾಕಿದರೆ ಇ3ರ ಬಿಷಪ್ ಆ ಕುದುರೆಯನ್ನೇ ತೆಗೆದುಹಾಕುತ್ತದೆ. ಇದನ್ನು ಮನೆಯಲ್ಲಿ ಕಾಯಿ ಇಟ್ಟು ಒಮ್ಮೆ ಆಡಿ ನೋಡಿ. ಓದಿದರೆ ಮರೆಯುತ್ತದೆ, ಕೈಯಿಂದ ಆಡಿದರೆ ಉಳಿಯುತ್ತದೆ.

ಇನ್ನು ಡಿ4 ಯಾರಿಗೆ? ಫ್ರೆಂಚ್ ಮತ್ತು ಕಾರೊ-ಕಾನ್ ರಕ್ಷಣೆಗಳ ಎದುರು ಪಾನನ್ನು ಇ5ಕ್ಕೆ ದೂಡಿ ಆಡುವ ಅಭ್ಯಾಸ ಇದ್ದವರಿಗೆ. ಡಿ4ಕ್ಕೆ ಕಪ್ಪು ಡಿ5 ಆಡುತ್ತದೆ, ನೀವು ಇ5 ದೂಡುತ್ತೀರಿ, ಕಪ್ಪಿನ ಬಿಷಪ್ ಎಫ್5ಕ್ಕೆ ಬರುತ್ತದೆ. ನೋಡಿದರೆ ಕಾರೊ-ಕಾನಿನದೇ ರೂಪ. ಒಂದೇ ವ್ಯತ್ಯಾಸ, ಆದರೆ ದೊಡ್ಡದು: ಕಪ್ಪಿನ ಸಿ7 ಪಾನ್ ತನ್ನದೇ ಕುದುರೆಯ ಹಿಂದೆ ಸಿಕ್ಕಿಹಾಕಿಕೊಂಡಿದೆ. ನಿಮ್ಮ ಡಿ4 ಪಾನನ್ನು ಒಡೆಯಲು ಬೇಕಾದ ಸಿ5 ನಡೆ ಆ ಕುದುರೆ ಜಾಗ ಬಿಡುವ ತನಕ ಆಗದು. ನೀವು ಸಿ3 ಆಡಿ ಡಿ4ಕ್ಕೆ ಆಧಾರ ಕೊಟ್ಟು ನಿಧಾನವಾಗಿ ಕಾಯಿಗಳನ್ನು ಹೊರತರಬಹುದು.

ಎರಡರಲ್ಲಿ ಯಾವುದು ‘ಸರಿ’ ಎಂದು ಕೇಳುವ ಪೋಷಕರಿದ್ದಾರೆ. ಎಂಜಿನ್, ಅಂದರೆ ನಡೆಗಳನ್ನು ತೂಗಿ ನೋಡುವ ಕಂಪ್ಯೂಟರ್ ತಂತ್ರಾಂಶ, ಎರಡರಲ್ಲಿ ಒಂದಕ್ಕೆ ಸ್ವಲ್ಪ ಹೆಚ್ಚು ಅಂಕ ಕೊಟ್ಟೀತು. ಆದರೆ ಒಂದು ಪಾನಿನಷ್ಟೂ ಇಲ್ಲದ ಆ ಮೇಲುಗೈ, ಹತ್ತನೇ ನಡೆಯಲ್ಲಿ ಮುಂದೇನು ಎಂದು ಗೊತ್ತಿಲ್ಲದ ಮಗುವಿಗೆ ಯಾವ ಉಪಕಾರವನ್ನೂ ಮಾಡುವುದಿಲ್ಲ.

ಎ6, ಬಿ6

ಇವೆರಡಕ್ಕೂ ಒಂದೇ ಜೋಡಣೆ ಸಾಕು: ಡಿ4, ಕುದುರೆ ಎಫ್3, ಬಿಷಪ್ ಡಿ3, ರಾಣಿ ಇ2, ಕ್ಯಾಸ್ಲಿಂಗ್. ಬಿ7ಕ್ಕೆ ಬರುವ ಕಪ್ಪು ಬಿಷಪ್ ಇ4 ಪಾನಿಗೆ ಗುರಿಯಿಡುತ್ತದೆ, ಡಿ3ರ ಬಿಷಪ್ ಅದನ್ನು ಕಾಯುತ್ತದೆ. ಬಿ6ರ ಎದುರು ಡಿ4 ಆದ ಮೇಲೆ ಕುದುರೆಗಿಂತ ಮೊದಲು ಬಿಷಪ್ಪನ್ನು ಡಿ3ಕ್ಕೆ ತಂದರೆ (ಎಫ್3ರ ಕುದುರೆ ರಾಣಿಯ ದಾರಿಗೆ ಅಡ್ಡ ಬರುತ್ತದೆ) 17ನೇ ಶತಮಾನದ ಇಟಲಿಯ ಗ್ರೆಕೊ ಬರೆದಿಟ್ಟ ಒಂದು ಬಲೆ ಇದೆ. ಕಪ್ಪು ಆತುರಪಟ್ಟು ಎಫ್5 ಆಡಿದರೆ ಪಾನಿನಿಂದ ಹೊಡೆಯಿರಿ. ಅವರ ಬಿಷಪ್ ಜಿ2 ಪಾನನ್ನು ತಿಂದು ನಿಮ್ಮ ರೂಕಿನ ಮೇಲೆ ಕಣ್ಣು ಹಾಕುತ್ತದೆ. ಹೆದರದೆ ರಾಣಿಯನ್ನು ಎಚ್5ಕ್ಕೆ ತಂದು ಚೆಕ್ ಕೊಡಿ. ಅವರು ಜಿ6 ಅಡ್ಡ ಇಡುತ್ತಾರೆ, ನೀವು ಪಾನಿನಿಂದ ಅದನ್ನು ಹೊಡೆಯುತ್ತೀರಿ. ಅವರು ಕುದುರೆಯನ್ನು ಎಫ್6ಕ್ಕೆ ತಂದು ರಾಣಿಯನ್ನು ಹೆದರಿಸಿದರೆ, ಪಾನಿನಿಂದ ಎಚ್7 ಹೊಡೆದು ಚೆಕ್. ಕುದುರೆ ರಾಣಿಯನ್ನು ತಿನ್ನಲಿ, ಬಿಷಪ್ ಜಿ6ಕ್ಕೆ ಬಂದು ಚೆಕ್‌ಮೇಟ್. ರಾಣಿಯನ್ನು ಹೊರಗೆ ತರಬೇಡಿ ಎಂದ ನಾನೇ ಇಲ್ಲಿ ತರಲು ಹೇಳುತ್ತಿದ್ದೇನೆ. ಎಫ್5 ಆಡಿ ಕಪ್ಪು ತನ್ನ ರಾಜನ ಬದಿಯನ್ನು ನಿಜವಾಗಿಯೂ ತೆರೆದಿಟ್ಟಿದೆ, ಬರೀ ವಿಚಿತ್ರ ನಡೆ ಆಡಿದ್ದಲ್ಲ.

ಎ6 ಎಂದರೆ ನಗುವವರು 1980ರಲ್ಲಿ ಸ್ವೀಡನ್ನಿನ ಸ್ಕಾರಾದಲ್ಲಿ ನಡೆದ ಯುರೋಪಿಯನ್ ತಂಡ ಚಾಂಪಿಯನ್‌ಶಿಪ್ಪಿನ ಆಟವನ್ನು ನೋಡಬೇಕು. ಬಿಳಿ ಆಡುತ್ತಿದ್ದವರು ಆಗಿನ ವಿಶ್ವ ಚಾಂಪಿಯನ್ ಅನತೊಲಿ ಕಾರ್ಪೊವ್. ಕಾರ್ಪೊವ್ ಆಡಿದ ಇ4ಕ್ಕೆ ಇಂಗ್ಲೆಂಡಿನ ಟೋನಿ ಮೈಲ್ಸ್ ಎ6 ಎಂದರು, ಮುಂದಿನ ನಡೆ ಬಿ5, ಕೊನೆಗೆ ಗೆದ್ದೂಬಿಟ್ಟರು. ಕಾರ್ಪೊವ್ ಶುರುವಿನಲ್ಲಿ ಆಡಿದ್ದು ಮೇಲೆ ಹೇಳಿದ ನಡೆಗಳನ್ನೇ, ಅವು ಇವತ್ತಿಗೂ ಒಳ್ಳೆಯ ನಡೆಗಳೇ. ಆಟ ಕೈತಪ್ಪಿದ್ದು ನಡು ಆಟದಲ್ಲಿ. ಅಪರೂಪದ ಓಪನಿಂಗಿಗೆ ಸರಿಯಾಗಿ ಉತ್ತರಿಸಿದ ಮಾತ್ರಕ್ಕೆ ಆಟ ಗೆದ್ದಂತಲ್ಲ, ಸಮಾನ ಆಟಗಾರನ ಜತೆ ಹೊಸ ಆಟ ಶುರುವಾಗಿದೆ ಅಷ್ಟೇ.

ಪಾನ್ ಕೊಟ್ಟು ಬಲೆ ಒಡ್ಡಿದರೆ

ಮೊದಲ ನಡೆಗೇ ಡಿ4 ಆಡುವವರಿಗೆ ಮೊಬೈಲಿನಲ್ಲಿ ಪದೇ ಪದೇ ಎದುರಾಗುವುದು ಎಂಗ್ಲುಂಡ್ ಗ್ಯಾಂಬಿಟ್ (ಗ್ಯಾಂಬಿಟ್ ಎಂದರೆ ಪಾನ್ ಬಿಟ್ಟುಕೊಟ್ಟು ಆಡುವ ಓಪನಿಂಗ್): ಡಿ4ಕ್ಕೆ ಇ5. ಪಾನನ್ನು ಹೊಡೆಯಿರಿ. ಅವರು ಕುದುರೆ ಸಿ6, ನೀವು ಕುದುರೆ ಎಫ್3, ಅವರು ರಾಣಿ ಇ7. ಈಗ ಬಿಷಪ್ ಎಫ್4 ಆಡಿ ಪಾನ್ ಉಳಿಸಲು ಹೋದವರು ಬಲೆಯ ಬಾಯಿಗೆ ಬಂದಂತೆ. ರಾಣಿ ಬಿ4ಕ್ಕೆ ಬಂದು ಚೆಕ್ ಕೊಡುತ್ತದೆ, ನೀವು ಬಿಷಪ್ಪನ್ನು ಡಿ2ಕ್ಕೆ ಹಿಂದೆ ತರುತ್ತೀರಿ, ರಾಣಿ ಬಿ2 ಪಾನನ್ನು ತಿನ್ನುತ್ತದೆ. ರೂಕ್ ಉಳಿಸಲು ಬಿಷಪ್ಪನ್ನು ಸಿ3ರಲ್ಲಿ ಇಟ್ಟರೆ ಮುಗಿಯಿತು: ಕಪ್ಪಿನ ಬಿಷಪ್ ಬಿ4ಕ್ಕೆ ಬಂದು ಅದನ್ನು ಪಿನ್ ಮಾಡುತ್ತದೆ. ನೀವು ರಾಣಿಯನ್ನು ಡಿ2ಕ್ಕೆ ತಂದು ಆಧಾರ ಕೊಡುತ್ತೀರಿ, ಅವರು ಸಿ3ರಲ್ಲಿ ಹೊಡೆಯುತ್ತಾರೆ, ನೀವು ರಾಣಿಯಿಂದ ಹೊಡೆದರೆ ಅವರ ರಾಣಿ ಸಿ1ಕ್ಕೆ ಬಂದು ಮೇಟ್. ಸಿ3ಕ್ಕೆ ಬರಬೇಕಾದದ್ದು ಕುದುರೆ, ಬಿಷಪ್ ಅಲ್ಲ. ಕುದುರೆ ಅಲ್ಲಿ ಕೂತರೆ ಮುಂದೆ ರೂಕ್ ಬಿ1ಕ್ಕೆ ಬಂದು ರಾಣಿಯನ್ನು ಅಟ್ಟುತ್ತದೆ, ಅಲೆದಾಡುವ ಸರದಿ ಅವರದು.

ಇಷ್ಟು ನೆನಪಿಟ್ಟುಕೊಳ್ಳಲು ಮನಸ್ಸಿಲ್ಲದವರಿಗೆ ಸುಲಭದ ದಾರಿ ಇದೆ. ರಾಣಿ ಇ7 ಆದ ಕೂಡಲೇ ಕುದುರೆ ಸಿ3 ಆಡಿ, ಪಾನ್ ವಾಪಸು ತಿನ್ನಲು ಬಿಡಿ, ಮತ್ತೆ ಇ4. ಕುದುರೆ ಡಿ5ಕ್ಕೆ ಹಾರುವ ಬೆದರಿಕೆ ಹುಟ್ಟಿತು, ನಿಮ್ಮ ಕಾಯಿಗಳು ಹೊರಬಂದವು. ಸಿಕ್ಕಿದ ಪಾನನ್ನು ಬಿಗಿಯಾಗಿ ಹಿಡಿದುಕೊಳ್ಳುವ ಆಸೆಯಿಂದಲೇ ಹೆಚ್ಚಿನ ಗ್ಯಾಂಬಿಟ್‌ಗಳು ಗೆಲ್ಲುವುದು.

ಪಂದ್ಯ ಮುಗಿದ ಮೇಲೆ

ಮಂಗಳೂರಿನ ಭಾನುವಾರದ ಪಂದ್ಯ ಮುಗಿಸಿ ರೈಲಿನಲ್ಲಿ ಊರಿಗೆ ಬರುವಾಗಲೇ ಮೊದಲ ಹತ್ತು ನಡೆಗಳನ್ನು ನೋಟುಬುಕ್ಕಿನಲ್ಲಿ ಬರೆಸಿ, ಉಪ್ಪಳ ದಾಟುವ ಹೊತ್ತಿಗೆ ಅರ್ಧ ಮರೆತಿರುತ್ತದೆ. ರ‍್ಯಾಪಿಡ್‌ನಲ್ಲಿ ನಡೆ ಬರೆದುಕೊಳ್ಳಬೇಕೆಂಬ ಕಡ್ಡಾಯವಿಲ್ಲದ್ದರಿಂದ ಬೇರೆ ದಾಖಲೆ ಇರುವುದಿಲ್ಲ. ಮನೆಗೆ ಬಂದ ಮೇಲೆ ಲಿಚೆಸ್ ತಾಣದ ಓಪನಿಂಗ್ ಎಕ್ಸ್‌ಪ್ಲೋರರಿನಲ್ಲಿ ಅದೇ ನಡೆಗಳನ್ನು ಹಾಕಿ, ಇತರರು ಏನು ಆಡಿದ್ದಾರೆ ಎಂದು ನೋಡಿ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಎಂಜಿನ್ನನ್ನು ಆಮೇಲೆ ತೆರೆಯಿರಿ. ಮೊದಲೇ ತೆರೆದರೆ ಮಕ್ಕಳು ಅದರ ಬಾಣದ ಗುರುತನ್ನು ನೋಡುತ್ತಾರೆಯೇ ಹೊರತು ಬೋರ್ಡನ್ನು ನೋಡುವುದಿಲ್ಲ.

ಒಂದು ಓಪನಿಂಗಿಗೆ ಒಂದೇ ಉತ್ತರ ಆರಿಸಿ ಬರೆದಿಡಿ, ಮೂರು ಬೇಡ. ಆಮೇಲೆ ಊರಿನ ವಾಚನಾಲಯದಲ್ಲೋ ಶಾಲೆಯಲ್ಲೋ ಗೆಳೆಯನ ಕೈಗೆ ಕಪ್ಪು ಕಾಯಿ ಕೊಟ್ಟು ಅದೇ ನಡೆ ಆಡಿಸಿ, ಬಳಿಕ ಬಣ್ಣ ಬದಲಿಸಿ. ಕಪ್ಪಿನ ಕಡೆ ಕೂತಾಗ ಬಿಳಿಯ ಯಾವ ಉತ್ತರದಿಂದ ನಿಮಗೆ ಆಟ ಕಷ್ಟವಾಯಿತು ಎಂದು ನೋಡಿ, ನೋಟುಬುಕ್ಕಿನಲ್ಲಿ ಬರೆದದ್ದನ್ನು ಬೇಕಿದ್ದರೆ ಆಗ ತಿದ್ದಿ.